ಚುಕ್ಕೆಗೂ ಒಂದು ಅರ್ಥವಿದೆ



ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರ ಹೊಟ್ಟೆಪಾಡು ಕಂಪ್ಯೂಟರಿನ ಮುಂದೆಯೇ ಸಾಗುತ್ತದೆ. ಹಾಗಾಗಿ ಇವತ್ತು ಯುನಿಕ್ಸ್, ಲಿನಕ್ಸ್ ಬಳಸುವವರಿಗೆ ಪರಿಚಿತವಾದ 'ಸೆಡ್' ಆಜ್ಞೆಯ ಬಗ್ಗೆ ನಾಲ್ಕು ಮಾತು. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೀ ಮ್ಯಾಕ್‌ಮಹನ್ 1973-74ರಲ್ಲಿ ಇದನ್ನು ರೂಪಿಸಿದರು. ಹಳೆಯ ಪದ ಇದು, ಹೊಸ ಪದ ಇದು ಎಂದರೆ ಸಾಕು, ಸಾವಿರಾರು ಸಾಲುಗಳನ್ನು ಕ್ಷಣದಲ್ಲಿ ತಿದ್ದುತ್ತದೆ. ತಪ್ಪಾಗಿ ಹೇಳಿದರೂ ಅಷ್ಟೇ ವೇಗ!

ದರಪಟ್ಟಿಯಲ್ಲಿ 3.50 ಇದ್ದದ್ದನ್ನು 4.00 ಮಾಡಬೇಕು ಎಂದುಕೊಳ್ಳಿ. ಇದ್ದ ಹಾಗೇ ಬರೆದರೆ 3750 ರೂಪಾಯಿಯ ಮಿಕ್ಸರ್ ಕೂಡ 4 ರೂಪಾಯಿಗೆ ಇಳಿಯುತ್ತದೆ! ಹುಡುಕುವ ಭಾಗದಲ್ಲಿ ಚುಕ್ಕೆ ಎಂದರೆ ಸೆಡ್‌ಗೆ 'ಯಾವುದಾದರೂ ಒಂದು ಅಕ್ಷರ'. 'ಉಪ್ಪು ಮತ್ತು ಮೆಣಸು' ಎಂಬುದನ್ನು 'ಉಪ್ಪು & ಮೆಣಸು' ಮಾಡಹೊರಟರೆ 'ಉಪ್ಪು ಉಪ್ಪು ಮತ್ತು ಮೆಣಸು ಮೆಣಸು' ಎಂದಾಗುತ್ತದೆ. ಹೊಸ ಪದದ ಜಾಗದಲ್ಲಿ ಆಂಪರ್ಸಂಡ್ ಚಿಹ್ನೆಗೆ 'ಸಿಕ್ಕಿದ್ದನ್ನೆಲ್ಲ ಇಲ್ಲಿ ಹಾಕು' ಎಂಬ ಅರ್ಥ. ಕಂಪ್ಯೂಟರ್ ಮಾತ್ರ ತಕರಾರು ಎತ್ತುವುದಿಲ್ಲ.

ನಾವು ಬರೆದದ್ದನ್ನು ಇಬ್ಬರು ಓದುತ್ತಾರೆ ಎಂಬುದು ನೆನಪಿರಲಿ. ಮೊದಲು ಶೆಲ್, ಆಮೇಲೆ ಸೆಡ್. ಶೆಲ್ ಕೈಹಾಕದಿರಲು ಇಡೀ ಸೂಚನೆಯನ್ನು ಒಂಟಿ ಉದ್ಧರಣ ಚಿಹ್ನೆಗಳ ನಡುವೆ ಇಡಿ. ಜೋಡಿ ಚಿಹ್ನೆ ಹಾಕಿದರೆ ಡಾಲರ್ ಗುರುತಿಗೆ ಶೆಲ್ ತನ್ನದೇ ಅರ್ಥ ಕೊಡುತ್ತದೆ. ಆದರೆ ಈ ಬೇಲಿ ಸೆಡ್‌ಗೆ ಅನ್ವಯಿಸದು. ಹುಡುಕುವ ಭಾಗದಲ್ಲಿ ಚುಕ್ಕೆ, ನಕ್ಷತ್ರ, ಚೌಕ ಆವರಣ, ಹೊಸ ಪದದಲ್ಲಿ ಆಂಪರ್ಸಂಡ್, ಎರಡೂ ಕಡೆ ಬ್ಯಾಕ್‌ಸ್ಲ್ಯಾಶ್: ಇವುಗಳ ಮುಂದೆ ಒಂದು ಬ್ಯಾಕ್‌ಸ್ಲ್ಯಾಶ್ ಹಾಕಲೇಬೇಕು. ಕಡತದ ವಿಳಾಸದಲ್ಲಿ ಸ್ಲ್ಯಾಶ್‌ಗಳೇ ತುಂಬಿದ್ದರೆ, ಭಾಗಗಳನ್ನು ಬೇರ್ಪಡಿಸುವ ಗಡಿಗೆರೆಯನ್ನೇ ಬದಲಿಸಬಹುದು. ಸ್ಲ್ಯಾಶ್ ಬದಲು ಹ್ಯಾಶ್ ಬಳಸಿದರೂ ಸೆಡ್ ಒಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ 13.50 ಎಂಬುದು 14.00 ಆಗಿಬಿಡಬಹುದು, ಅದರೊಳಗೂ 3.50 ಇದೆಯಲ್ಲ! ಆದ್ದರಿಂದ ಮೊದಲು 'ಐ' ಆಯ್ಕೆ ಇಲ್ಲದೆ ಓಡಿಸಿ. ಫಲಿತಾಂಶ ತೆರೆಯ ಮೇಲೆ ಬರುತ್ತದೆ, ಮೂಲ ಕಡತ ಹಾಗೇ ಉಳಿಯುತ್ತದೆ. ಕಣ್ಣಾಡಿಸಿ, ಒಂದು ಪ್ರತಿ ತೆಗೆದಿಟ್ಟು, ಆಮೇಲೆ ಕಡತವನ್ನು ತಿದ್ದಿ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಪ್ರತಿ ಇಲ್ಲದೆ ತಿದ್ದಿದ ಕಡತವನ್ನು ಸೆಡ್ ಮರಳಿಸುವುದಿಲ್ಲ.