ಕಾಲಡಿಗೆ ನಾಲ್ಕು ಹಲಗೆ



ಗೊರೇಬಾಳದ ಸುತ್ತ ಮನೆಯಲ್ಲೇ ಬಡಿಗತನ ಮಾಡುವವರು ಕೋಣೆಗೆ ಶಹಾಬಾದ್ ಪರಸಿ ಹಾಸಿದ್ದರೆ ಅದನ್ನು ಕೀಳಬೇಡಿ. ಅಗ್ಗದ ಕಲ್ಲು, ಬೇಸಿಗೆಗೆ ತಂಪು, ಗೆದ್ದಲಿಗೂ ಬಗ್ಗುವುದಿಲ್ಲ. ತೊಂದರೆ ಎರಡೇ: ಕೈಜಾರಿ ಬಿದ್ದ ಉಳಿಯ ಬಾಯಿ ಮುರಿಯುತ್ತದೆ, ದಿನವಿಡೀ ನಿಂತವರ ಹಿಮ್ಮಡಿ ಸಂಜೆಗೆ ನೋಯುತ್ತದೆ. ಇವೆರಡಕ್ಕೂ ಕೋಣೆ ತುಂಬ ಮರ ಹಾಸಬೇಕಿಲ್ಲ. ಕೆಲಸದ ಮೇಜಿನ ಮುಂದೆ ಹಾಸಿದರೆ ಸಾಕು. 8 ಅಡಿಗೆ 4 ಅಡಿಯ ಒಂದು ಪ್ಲೈವುಡ್ ಶೀಟು 32 ಚದರ ಅಡಿ ಮುಚ್ಚುತ್ತದೆ.

ಅಂಗಡಿಯಲ್ಲಿ ಎಂ.ಆರ್. ಪ್ಲೈ ಕೊಟ್ಟರೆ ಬೇಡವೆನ್ನಿ, ನೀರು ತಡೆಯುವ ಬಿ.ಡಬ್ಲ್ಯು.ಆರ್. ಕೇಳಿ. 18 ಮಿಲಿಮೀಟರ್ ದಪ್ಪ, ಐ.ಎಸ್.ಐ. ಗುರುತು ಇರಲಿ. ಮರೀನ್ ಪ್ಲೈ ಇನ್ನೂ ಗಟ್ಟಿ, ಆದರೆ ಸೂರಿನಡಿಯ ಕೋಣೆಗೆ ಅಷ್ಟು ದುಡ್ಡು ಸುರಿಯಬೇಕಿಲ್ಲ. ಪಾರ್ಟಿಕಲ್ ಬೋರ್ಡ್ ಮಾತ್ರ ಎಷ್ಟು ಅಗ್ಗವಾದರೂ ಬೇಡ, ನೀರು ತಾಗಿದರೆ ಉಬ್ಬುತ್ತದೆ.

ಪ್ಲೈಗಿಂತ ನನಗೆ ಇಷ್ಟವಾದದ್ದು ಹಳೆಯ ಮಾಳಿಗೆ ಮನೆ ಕೆಡವಿದಾಗ ಸಿಗುವ ಹಲಗೆ, ಜಂತಿ. ಹತ್ತಾರು ವರ್ಷ ಸೂರಿನಡಿ ಒಣಗಿದ ಮರ ಅದು. ಹಸಿ ಹಲಗೆ ನಮ್ಮ ಬೇಸಿಗೆಗೆ ಕುಗ್ಗಿ ಸಂದು ಬಿಡುತ್ತದೆ; ಹಳೆಯದು ಅಷ್ಟು ಕುಗ್ಗುವುದಿಲ್ಲ. ಕೊಳ್ಳುವ ಮುನ್ನ ತಟ್ಟಿ ನೋಡಿ, ಪೊಳ್ಳು ಸದ್ದು ಬಂದದ್ದನ್ನು ಬಿಡಿ. ಗರಗಸ ಇಡುವ ಮೊದಲು ಮೊಳೆಗಳನ್ನೆಲ್ಲ ಕಿತ್ತುಬಿಡಿ.

ದುಡ್ಡು ಉಳಿಸಬಾರದ ಜಾಗ ಮರದ ಕೆಳಗಿದೆ. ನಮ್ಮದು ಎರೆ ಭೂಮಿ. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಾಯಿ ಬಿಡುತ್ತದೆ. ತುಂಗಭದ್ರಾ ನಾಲೆಯ ನೀರು ನಿಂತ ಭತ್ತದ ಗದ್ದೆ ಪಕ್ಕದಲ್ಲಿದ್ದರೆ ನೆಲದ ತೇವ ಆರುವುದೇ ಇಲ್ಲ. ಗೆದ್ದಲಿಗೆ ಬೇಕಾದದ್ದೂ ಅದೇ. ಅದು ಬೆಳಕಿಗೆ ಬಾರದೆ, ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರುತ್ತದೆ. ಗೋಡೆಗೆ ಗೋಡೆ ಮುಚ್ಚಿದ ಮರದ ನೆಲದಲ್ಲಿ ಹಲಗೆ ಟೊಳ್ಳಾಗುವವರೆಗೂ ಅದರ ಸುಳಿವು ಸಿಗುವುದಿಲ್ಲ. ಆದ್ದರಿಂದ ಪ್ಲೈ ಶೀಟನ್ನು 4 ಅಡಿಗೆ 2 ಅಡಿಯಂತೆ ನಾಲ್ಕು ತುಂಡು ಮಾಡಿ, ಪ್ರತಿ ತುಂಡಿನ ಕೆಳಗೆ ಅಡಿಗೊಂದರಂತೆ ರೀಪರ್ ಪಟ್ಟಿ ಹೊಡೆಯಿರಿ. ಪರಸಿಯ ಮೇಲೆ ಸುಮ್ಮನೆ ಇಟ್ಟರಾಯಿತು, ನೆಲಕ್ಕೆ ಜಡಿಯಬೇಡಿ. ಗೋಡೆಯಿಂದ ಒಂದಿಂಚು ದೂರವಿರಲಿ; ಬಹಳ ಮಂದಿಗೆ ಈ ಸಂದು ಬಿಡಲು ಮನಸ್ಸೇ ಬರುವುದಿಲ್ಲ, ದಯವಿಟ್ಟು ಬಿಡಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎತ್ತಿ, ಕೆಳಗಿನ ಹೊಟ್ಟು ಗುಡಿಸಿ. ಮಣ್ಣಿನ ಗೆರೆ ಕಂಡರೆ ಆಗಲೇ ಕೆರೆದು, ಅದು ಬಂದ ಬಿರುಕನ್ನು ಸಿಮೆಂಟಿನಿಂದ ಮುಚ್ಚಿ.

ಮೇಲೆ ಹೊಳೆಯುವ ವಾರ್ನಿಷ್ ಬೇಡ, ಹೊಟ್ಟು ಬಿದ್ದಾಗ ಕಾಲು ಜಾರುತ್ತದೆ. ಬಣ್ಣದಂಗಡಿಯಲ್ಲಿ ಸಿಗುವ, ಮರಕ್ಕೆ ಹಚ್ಚುವ ಅಗಸೆ ಎಣ್ಣೆ ತೆಳ್ಳಗೆ ಸವರಿದರೆ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಆ ಎಣ್ಣೆ ಆರುವಾಗ ಕಾವು ಹುಟ್ಟಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು, ಪಕ್ಕದಲ್ಲೇ ಮರದ ಹೊಟ್ಟಿರುತ್ತದೆ. ಅಂಗಳದಲ್ಲಿ ಬಿಡಿಸಿ ಹರವಿ, ಪೂರ್ತಿ ಒಣಗಿದ ಮೇಲೆ ಎಸೆಯಿರಿ.