ಪಟ್ಟಾ ಕೊಟ್ಟರು, ಸತ್ತ ಕಾಲಕ್ಕೆ ಅನ್ನ ಕೊಡಲಿಲ್ಲ

ಮಳೆಗಾಲ ಗೊತ್ತು, ಬೇಸಿಗೆ ಗೊತ್ತು, ಸುಗ್ಗಿ ಕಾಲ ಗೊತ್ತು. ‘ಸತ್ತ ಕಾಲ’ ಅಂತ ಒಂದು ಇದೆ, ಕೇಳಿದ್ದೀರಾ? ಫಿಲಿಪ್ಪೀನ್ಸ್ ದೇಶದ ನೀಗ್ರೋಸ್ ಅನ್ನೋ ದ್ವೀಪದಲ್ಲಿ ವರ್ಷದ ನಾಲ್ಕೈದು ತಿಂಗಳಿಗೆ ಜನ ಇಟ್ಟಿರುವ ಹೆಸರು ಅದು. ಟಿಯೆಂಪೊ ಮುಯೆರ್ತೊ. ಸ್ಪೇನ್‌ನವರು ಬಿಟ್ಟು ಹೋದ ಮಾತು. ಕಬ್ಬು ಅರೆಯೋದು ಮುಗಿದಿರುತ್ತೆ, ಹೊಸ ಕಬ್ಬು ಇನ್ನೂ ಬೆಳೀತಾ ಇರುತ್ತೆ. ಹೆಚ್ಚುಕಮ್ಮಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಕೂಲಿ ಇಲ್ಲ. ಕೂಲಿ ಇಲ್ಲ ಅಂದರೆ ಒಲೆ ಹೊತ್ತಲ್ಲ.

ಯಾವುದೋ ದೂರದ ದ್ವೀಪದ ಕಥೆ ನಮಗ್ಯಾಕೆ ಅಂತ ನೀವು ಕೇಳಬಹುದು. ಯಾಕೆ ಅಂದರೆ, ಬಡವನಿಗೆ ಭೂಮಿ ಕೊಟ್ಟುಬಿಟ್ಟರೆ ಬಡತನ ಹೋಗುತ್ತೆ ಅಂತ ನಾವೆಲ್ಲ ನಂಬಿದ್ದೀವಿ. ಭೂಮಿ ಕೊಟ್ಟ ಮೇಲೂ ಹೋಗದೇ ಇದ್ದರೆ ಏನಾಗಿರುತ್ತೆ ಅನ್ನೋದಕ್ಕೆ ಈ ದ್ವೀಪಕ್ಕಿಂತ ಒಳ್ಳೆ ಪಾಠ ಇನ್ನೊಂದಿಲ್ಲ.

ಕಥೆ ಶುರುವಾಗೋದು 1856ರಲ್ಲಿ. ಪಕ್ಕದ ಪನಾಯ್ ದ್ವೀಪದ ಇಲೋಯಿಲೊ ಬಂದರಿಗೆ ನಿಕೋಲಸ್ ಲೋನಿ ಅನ್ನೋ ಬ್ರಿಟಿಷ್ ವೈಸ್ ಕಾನ್ಸಲ್ ಬಂದ. ಗಾಣದ ಯಂತ್ರಗಳನ್ನು ಸಾಲದ ಮೇಲೆ ಕೊಟ್ಟ, ಸಕ್ಕರೆ ಕೊಳ್ಳುವ ವ್ಯವಸ್ಥೆ ಮಾಡಿದ. ಪನಾಯ್‌ನ ಶ್ರೀಮಂತ ಕುಟುಂಬಗಳು ಕಡಲು ದಾಟಿ ನೀಗ್ರೋಸ್‌ಗೆ ಹೋದವು. ಕಾಡು ಕಡಿದರು. ದೊಡ್ಡ ದೊಡ್ಡ ಎಸ್ಟೇಟುಗಳು ಎದ್ದವು. ಅಲ್ಲಿ ಅದಕ್ಕೆ ಹಸಿಯೆಂಡ ಅಂತಾರೆ. ಇವತ್ತಿಗೂ ಇಡೀ ಫಿಲಿಪ್ಪೀನ್ಸ್‌ನ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದೇ ದ್ವೀಪದಿಂದ ಬರುತ್ತೆ. ದ್ವೀಪ, ಒಂದೇ ಬೆಳೆ. ಈ ಎರಡು ಮಾತು ಜೊತೆಗಿಟ್ಟು ಯೋಚನೆ ಮಾಡಿ. ಸಕ್ಕರೆ ಹೊರಗೆ ಹೋದರೆ ತಾನೇ ಅಕ್ಕಿ ಕೊಳ್ಳೋಕೆ ದುಡ್ಡು?

1974ರಲ್ಲಿ ಎರಡು ಸಂಗತಿ ಆದವು. ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಸಕ್ಕರೆ ಪೌಂಡ್‌ಗೆ 60 ಸೆಂಟ್ ದಾಟಿತು. ಅದೇ ವರ್ಷ, ಅಮೆರಿಕಾ ಮಾರುಕಟ್ಟೆಯಲ್ಲಿ ಫಿಲಿಪ್ಪೀನ್ಸ್ ಸಕ್ಕರೆಗೆ ಇದ್ದ ವಿಶೇಷ ಸವಲತ್ತಿನ ಒಪ್ಪಂದ ಮುಗಿಯಿತು. ಮೇಲಿಂದ ಮಾರ್ಕೋಸ್ ಸರ್ಕಾರ ಸಕ್ಕರೆ ವ್ಯಾಪಾರವನ್ನೇ ತನ್ನ ಆಪ್ತರ ಕೈಗೆ ಕೊಟ್ಟಿತು. 1985ಕ್ಕೆ ಬೆಲೆ ಎಷ್ಟಕ್ಕೆ ಬಂತು ಗೊತ್ತಾ? ಪೌಂಡ್‌ಗೆ 3 ಸೆಂಟ್‌ಗೂ ಕೆಳಗೆ! ಎಸ್ಟೇಟ್ ಮಾಲೀಕರು ಕಬ್ಬು ನೆಡೋದನ್ನೇ ನಿಲ್ಲಿಸಿಬಿಟ್ಟರು. ಸತ್ತ ಕಾಲ ವರ್ಷಪೂರ್ತಿ ಆಯ್ತು. ಮೂಳೆ ಚಕ್ಕಳವಾದ ಮಕ್ಕಳ ಫೋಟೊಗಳು ಜಗತ್ತಿನ ಪತ್ರಿಕೆಗಳಲ್ಲಿ ಬಂದವು.

ಇಲ್ಲಿ ಒಂದು ವಿಷಯ ಗಮನಿಸಿ. ಮಳೆ ಕೈಕೊಟ್ಟಿರಲಿಲ್ಲ. ಮಣ್ಣು ಫಲವತ್ತಾಗಿತ್ತು. ಸಾವಿರಾರು ಎಕರೆ ಖಾಲಿ ಬಿದ್ದಿತ್ತು. ಆ ಖಾಲಿ ಹೊಲದ ಪಕ್ಕದಲ್ಲೇ ಮಕ್ಕಳು ಹಸಿವಿನಿಂದ ಸತ್ತರು. ಒಂದು ತುಂಡು ಜಾಗ ಕೊಡಿ, ಗೆಣಸು ಹಾಕ್ಕೊಳ್ತೀವಿ ಅಂತ ಕೂಲಿಗಳು ಕೇಳಿದರು. ಕೆಲವು ಮಾಲೀಕರು ಒಪ್ಪಿದರು. ಇವತ್ತು ಗೆಣಸು ನೆಟ್ಟವನು ನಾಳೆ ಹೊಲ ನನ್ನದು ಅಂದರೆ ಏನು ಗತಿ ಅನ್ನೋದು ಉಳಿದವರ ಭಯ. ಅದೇ ವರ್ಷ ಸೆಪ್ಟೆಂಬರ್ 20ರಂದು ಎಸ್ಕಲಾಂತೆ ಪಟ್ಟಣದಲ್ಲಿ ಪ್ರತಿಭಟನೆಗೆ ಕೂತವರ ಮೇಲೆ ಗುಂಡು ಹಾರಿತು. 20 ಜನ ಹೋದರು.

1986ರಲ್ಲಿ ಮಾರ್ಕೋಸ್ ದೇಶ ಬಿಟ್ಟು ಓಡಿದ. 1988ರಲ್ಲಿ ಕೊರಾಜೊನ್ ಅಕಿನೊ ಸರ್ಕಾರ ಭೂಸುಧಾರಣಾ ಕಾನೂನು ತಂದಿತು. ಕಾಗದದ ಮೇಲೆ ಒಳ್ಳೆ ಕಾನೂನು. ಮಾಲೀಕನಿಗೆ 5 ಹೆಕ್ಟೇರ್, ಹೊಲದಲ್ಲೇ ಇರುವ ಅರ್ಹ ಮಕ್ಕಳಿಗೆ ತಲಾ 3 ಹೆಕ್ಟೇರ್, ಉಳಿದದ್ದು ಕೂಲಿಗಳಿಗೆ. ಕುಟುಂಬಕ್ಕೆ ಗರಿಷ್ಠ 3 ಹೆಕ್ಟೇರ್. ಆದರೆ ಪುಕ್ಕಟೆ ಅಲ್ಲ. 30 ವರ್ಷದ ಕಂತು, 6 ಪರ್ಸೆಂಟ್ ಬಡ್ಡಿ. ಹತ್ತು ವರ್ಷ ಮಾರೋ ಹಾಗಿಲ್ಲ.

ಮಾರೋ ಹಾಗಿಲ್ಲ ನಿಜ. ಆದರೆ ಬೇರೆ ದಾರಿ ಇತ್ತಲ್ಲ? ಅಲ್ಲಿ ಅದಕ್ಕೆ ಅರಿಯೆಂಡೊ ಅಂತಾರೆ, ನಮ್ಮ ಭಾಷೆಯಲ್ಲಿ ಗುತ್ತಿಗೆ. ಕಬ್ಬಿಗೆ ಬಿತ್ತನೆ ಬೇಕು, ಗೊಬ್ಬರ ಬೇಕು, ಟ್ರ್ಯಾಕ್ಟರ್ ಬೇಕು, ಕಾರ್ಖಾನೆಗೆ ಸಾಗಿಸೋಕೆ ಟ್ರಕ್ ಬೇಕು. ಕಾರ್ಖಾನೆ ಅರೆದು ಕೊಟ್ಟ ಸಕ್ಕರೆಯಲ್ಲಿ ಸುಮಾರು ಮೂರನೇ ಒಂದು ಭಾಗ ಇಟ್ಟುಕೊಳ್ಳುತ್ತೆ. ದುಡ್ಡು ಕೈಗೆ ಬರೋಕೆ ಹತ್ತು ಹನ್ನೆರಡು ತಿಂಗಳು. ಅಲ್ಲಿವರೆಗೆ ಮನೆಯವರೆಲ್ಲ ಏನು ತಿನ್ನಬೇಕು? ಜೂನ್ ತಿಂಗಳು ಮಗುವಿಗೆ ಜ್ವರ, ಶಾಲೆ ಫೀಸು, ಅಕ್ಕಿ ಡಬ್ಬ ಖಾಲಿ. ಆಗ ಬಾಗಿಲಿಗೆ ಒಬ್ಬ ಬರ್ತಾನೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಹೊಲ ನನಗೆ ಕೊಡು, ದುಡ್ಡು ಈಗಲೇ ತಗೋ ಅಂತಾನೆ. ಬಂದವನು ಎಷ್ಟೋ ಸಲ ಹಳೇ ಮಾಲೀಕನ ಕಡೆಯವನೇ. ಪಟ್ಟಾ ಪೆಟ್ಟಿಗೆಯಲ್ಲಿ, ಪಟ್ಟಾದಾರ ತನ್ನದೇ ಹೊಲದಲ್ಲಿ ದಿನಗೂಲಿ. ಇದನ್ನು ಸೋಮಾರಿತನ ಅನ್ನೋರಿಗೆ ನನ್ನದೊಂದು ಪ್ರಶ್ನೆ: ಆ ಜೂನ್ ತಿಂಗಳಲ್ಲಿ ನೀವಾಗಿದ್ದರೆ ಏನು ಮಾಡ್ತಿದ್ದಿರಿ?

ನಮ್ಮಲ್ಲಿ 1974ರಲ್ಲಿ ದೇವರಾಜ ಅರಸು ಕಾನೂನು ತಂದಾಗ ಭೂಮಿ ಸಿಕ್ಕಿದ್ದು ಹೆಚ್ಚಾಗಿ ಗೇಣಿದಾರರಿಗೆ. ಅವನು ಆಗಲೇ ಉಳ್ತಾ ಇದ್ದ. ಏನು ಬಿತ್ತಬೇಕು, ಯಾವಾಗ ಬಿತ್ತಬೇಕು ಅಂತ ಅವನಿಗೆ ಗೊತ್ತಿತ್ತು. ಗೇಣಿ ಕೊಡೋದು ನಿಂತಿತು, ಅಷ್ಟು ಭತ್ತ ಮನೆಗೆ ಬಂತು. ನೀಗ್ರೋಸ್‌ನ ಕಬ್ಬು ಕೂಲಿಗೆ ಮೇಸ್ತ್ರಿ ಹೇಳಿದ್ದನ್ನು ಮಾಡೋದಷ್ಟೇ ಕೆಲಸ, ಅದೂ ತಲೆಮಾರುಗಳಿಂದ. ಅವನನ್ನು ನಮ್ಮ ಗೇಣಿದಾರನಿಗೆ ಹೋಲಿಸಬೇಡಿ. ಹೋಲಿಸೋದಾದರೆ, ನಮ್ಮ ಮಂಡ್ಯ, ಬೆಳಗಾವಿ ಕಡೆ ಕಬ್ಬು ಕಡಿಯೋಕೆ ಬೇರೆ ಊರಿಂದ ಬಂದು ಗುಡಿಸಲು ಹಾಕ್ಕೊಳ್ತಾರಲ್ಲ, ಅವರಿಗೆ ಹೋಲಿಸಿ.

ಭೂಮಿ ಸಿಗದೇ ಉಳಿದವರ ಕಥೆ ಇನ್ನೂ ಕೆಟ್ಟದ್ದು. 2018ರ ಅಕ್ಟೋಬರ್ 20, ಶನಿವಾರ ರಾತ್ರಿ. ಸಗಾಯ್ ಅನ್ನೋ ಊರಲ್ಲಿ ಒಂದು ಎಸ್ಟೇಟಿನ ಜಾಗದಲ್ಲಿ ಆಹಾರ ಬೆಳೆ ಹಾಕೋಕೆ ಅಂತ ಬಂದು ಗುಡಾರ ಹಾಕಿದ್ದ 9 ಜನರನ್ನು ಗುಂಡಿಟ್ಟು ಕೊಂದರು. ಸತ್ತವರಲ್ಲಿ ಹೆಂಗಸರಿದ್ದರು, ಹದಿಹರೆಯದವರಿದ್ದರು. ಅದೇ ಅಕ್ಟೋಬರ್‌ನಲ್ಲಿ ಪ್ರಾಂತ್ಯದ ರಾಜಧಾನಿ ಬಕೊಲೊದ್‌ನಲ್ಲಿ ಮಾಸ್ಕಾರಾ ಹಬ್ಬ. ನಗುವ ಮುಖವಾಡ ಹಾಕಿಕೊಂಡು ಕುಣಿಯೋ ಹಬ್ಬ. ಹಳೇ ಕಾಲದ್ದಲ್ಲ ಅದು. 1980ರಲ್ಲಿ, ಸಕ್ಕರೆ ಕುಸಿತದ ಮಧ್ಯೆ ಜನ ನಗಲಿ ಅಂತಲೇ ಹುಟ್ಟಿಸಿದ್ದು.

2023ರ ಜುಲೈನಲ್ಲಿ ಹೊಸ ಕಾನೂನು ಬಂತು. ಸುಮಾರು 6 ಲಕ್ಷ 10 ಸಾವಿರ ರೈತರ ಮೇಲಿದ್ದ 5,700 ಕೋಟಿ ಪೆಸೊಗಿಂತ ಹೆಚ್ಚಿನ ಭೂಮಿಯ ಕಂತು ಬಾಕಿ ಮನ್ನಾ. ಸಹಿ ಹಾಕಿದ್ದು ಯಾರು? ಅದೇ ಮಾರ್ಕೋಸ್‌ನ ಮಗ! ಇರಲಿ, ಒಳ್ಳೆ ಕೆಲಸ ಯಾರು ಮಾಡಿದರೂ ಒಳ್ಳೆಯದೇ. ಆದರೆ ಮನ್ನಾ ಆಗಿದ್ದು ಸರ್ಕಾರಕ್ಕೆ ಕೊಡಬೇಕಾದ ಬಾಕಿ. ಜೂನ್ ತಿಂಗಳಲ್ಲಿ ಬಾಗಿಲಿಗೆ ಬಂದವನ ಹತ್ತಿರ ಮಾಡಿದ ಸಾಲ ಹಾಗೇ ಇದೆ.

ದಾರಿಯೇ ಇಲ್ಲ ಅಂತ ಅಲ್ಲ. ಕ್ಷಾಮ ಕಂಡವರೇ 1987ರಲ್ಲಿ ಬಕೊಲೊದ್‌ನಲ್ಲಿ ಆಲ್ಟರ್ ಟ್ರೇಡ್ ಅಂತ ಒಂದು ಸಂಸ್ಥೆ ಕಟ್ಟಿದರು. ಜಪಾನ್ ಬಳಕೆದಾರರ ಸಹಕಾರ ಸಂಘಗಳಿಗೆ ಕಂದು ಸಕ್ಕರೆ, ಅಂದರೆ ಹೆಚ್ಚುಕಮ್ಮಿ ನಮ್ಮ ಬೆಲ್ಲದ ಪುಡಿ, ಮಾರಿದರು. 1989ರಿಂದ ಗುಡ್ಡದ ಬಾಳೆಹಣ್ಣೂ ಹೋಗ್ತಿದೆ. ಬಾಳೆ ಯಾಕೆ ಮುಖ್ಯ ಅಂದರೆ, ಅದು ಕಬ್ಬಿನ ಹಾಗೆ ವರ್ಷಕ್ಕೊಮ್ಮೆ ದುಡ್ಡು ತರೋದಿಲ್ಲ, ಗೊನೆ ಬಂದಾಗೆಲ್ಲ ತರುತ್ತೆ. ಸತ್ತ ಕಾಲದಲ್ಲೂ ತರುತ್ತೆ.

ಈಗ ಅಲ್ಲಿನ ಸರ್ಕಾರ ವಿಶ್ವ ಬ್ಯಾಂಕ್ ಸಾಲ ತಂದು, ಹಿಂದೆ ಗುಂಪಿಗೆ ಒಟ್ಟಾಗಿ ಕೊಟ್ಟಿದ್ದ ಜಂಟಿ ಪಟ್ಟಾಗಳನ್ನು ಒಡೆದು ಒಬ್ಬೊಬ್ಬರ ಹೆಸರಿಗೆ ಮಾಡ್ತಿದೆ. ಕೇಳೋಕೆ ಚೆನ್ನಾಗಿದೆ. ಆದರೆ ಮೊದಲು ಗುತ್ತಿಗೆಗೆ ಬಂದವನು ನಲವತ್ತು ಜನರನ್ನು ಒಪ್ಪಿಸಬೇಕಿತ್ತು. ಇನ್ನು ಮುಂದೆ ಒಬ್ಬನ ಸಹಿ ಸಾಕು. ಆ ಒಬ್ಬನಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಂಕ್ ಬಾಗಿಲು ತೆಗೆಯುತ್ತಾ, ಅಥವಾ ಹಳೇ ಮಾಲೀಕನ ಬಾಗಿಲೊಂದೇ ತೆರೆದಿರುತ್ತಾ?