ಮೊಬೈಲ್‌ಗೆ ಮಿತಿ: ನಿಯಮ ಮೊದಲು ಯಾರಿಗೆ?

(ಹೆತ್ತವರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಕ್ಕಳು ಮೊಬೈಲ್ ಬಿಡುತ್ತಿಲ್ಲ ಎಂಬ ದೂರು ಕೇಳಿಸದ ಮನೆ ಇಂದು ವಿರಳ. ದೂರು ಸುಳ್ಳಲ್ಲ. ಆದರೆ ಆರೋಪಿಯ ಸ್ಥಾನದಲ್ಲಿ ಮಕ್ಕಳನ್ನು ಮಾತ್ರ ನಿಲ್ಲಿಸುವುದು ನ್ಯಾಯವೇ? ಈ ಪ್ರಶ್ನೆಗೆ ಮಹಾರಾಷ್ಟ್ರದ ಒಂದು ಹಳ್ಳಿ ನೀಡಿದ ಉತ್ತರವನ್ನು ನಿಮ್ಮ ಮುಂದಿಡಬಯಸುತ್ತೇನೆ.

ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಸುಮಾರು ಮೂರು ಸಾವಿರ ಜನರ ಊರು. ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈಗೆ ಮೊಬೈಲ್ ಬಂತು. ಶಾಲೆಗಳು ತೆರೆದವು, ಮೊಬೈಲ್ ಮಾತ್ರ ಕೈ ಬಿಡಲಿಲ್ಲ. 2022ರ ಸ್ವಾತಂತ್ರ್ಯ ದಿನದ ಮುನ್ನಾದಿನ ಮಹಿಳೆಯರ ಗ್ರಾಮಸಭೆ ಕರೆದು ಒಂದು ಸೈರನ್ ಖರೀದಿಸಲು ತೀರ್ಮಾನಿಸಲಾಯಿತು. ಸಂಜೆ 7 ಗಂಟೆಗೆ ಸೈರನ್ ಮೊಳಗಿದರೆ ಮುಂದಿನ ಒಂದೂವರೆ ಗಂಟೆ ಟಿ.ವಿ. ಮತ್ತು ಮೊಬೈಲ್ ಬಂದ್. ಆ ಹೊತ್ತು ಓದಿಗೆ ಮತ್ತು ಪರಸ್ಪರ ಮಾತುಕತೆಗೆ ಮೀಸಲು. ಇದು ಸಾಧ್ಯವೇ ಎಂದು ಆರಂಭದಲ್ಲಿ ಅನೇಕರು ಸಂಶಯಪಟ್ಟರು. ಆಶಾ ಕಾರ್ಯಕರ್ತೆಯರು, ಅಂಗನವಾಡಿ ಸಹಾಯಕಿಯರು, ನಿವೃತ್ತ ಶಿಕ್ಷಕರು ಮನೆಮನೆಗೆ ಹೋಗಿ ಮನವೊಲಿಸಿದರು. 2024ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಹಲಗಾ ಗ್ರಾಮವೂ ಸಾಂಗ್ಲಿಯ ಮಾದರಿಯಲ್ಲಿ ಸಂಜೆ ಸೈರನ್ ಮೊಳಗಿಸಿತು.

ಇಲ್ಲಿ ಗಮನಿಸಬೇಕಾದದ್ದು ಸೈರನನ್ನಲ್ಲ. ಆ ನಿಯಮ ಎಲ್ಲರಿಗೂ ಒಂದೇ ಆಗಿತ್ತು ಎಂಬುದನ್ನು. ಧಾರಾವಾಹಿ ನೋಡುವ ತಾಯಿ, ವಾಟ್ಸಾಪ್‌ನಲ್ಲಿ ಮುಳುಗಿದ ತಂದೆ, ಗೇಮ್ ಆಡುವ ಮಗ, ಎಲ್ಲರೂ ಒಂದೇ ಗಂಟೆಗೆ ಒಂದೇ ಸ್ವಿಚ್ ಆರಿಸಬೇಕಿತ್ತು. ಊರಿಗೆ ಊರೇ ಬದಿಗಿಟ್ಟದ್ದನ್ನು ಮಗು ಬದಿಗಿಡುವುದು ಸುಲಭ. ಒಬ್ಬಂಟಿಯಾಗಿ ಬಿಡು ಎಂದರೆ ಅದು ಶಿಕ್ಷೆಯಾಗುತ್ತದೆ.

ಒಬ್ಬಂಟಿಯಾಗಿ ಬಿಡುವುದು ಕಷ್ಟ ಏಕೆ? ಯಾಕೆಂದರೆ ಈ ಉಪಕರಣದ ಹಿಂದೆ ನಮ್ಮ ಸಮಯವನ್ನೇ ಸರಕಾಗಿಸಿ ಜಾಹೀರಾತುದಾರರಿಗೆ ಮಾರುವ ವ್ಯಾಪಾರವಿದೆ. ಪುಸ್ತಕಕ್ಕೆ ಕೊನೆಯ ಪುಟವಿದೆ, ಪತ್ರಿಕೆಗೂ ಇದೆ. ಮೊಬೈಲ್ ಪರದೆಗೆ ಇಲ್ಲ. ಬೆರಳು ಸರಿಸಿದಷ್ಟೂ ಮುಗಿಯದ ಈ ವ್ಯವಸ್ಥೆಯನ್ನು 2006ರಲ್ಲಿ ರೂಪಿಸಿದ ಅಝಾ ರಾಸ್ಕಿನ್ ಮುಂದೆ ಅದರ ಬಗ್ಗೆ ಬಹಿರಂಗವಾಗಿಯೇ ವಿಷಾದಿಸಿದರು. ಮನುಷ್ಯನ ಮಾನಸಿಕ ದೌರ್ಬಲ್ಯವನ್ನು ತಿಳಿದೇ ಬಳಸಿಕೊಂಡೆವು ಎಂದು ಫೇಸ್‌ಬುಕ್‌ನ ಪ್ರಥಮ ಅಧ್ಯಕ್ಷ ಶಾನ್ ಪಾರ್ಕರ್ 2017ರಲ್ಲಿ ಒಪ್ಪಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇಂಥ ಸಮಸ್ಯೆಗಳಿಗೆಂದು ಪ್ರತ್ಯೇಕ ಕ್ಲಿನಿಕ್ ತೆರೆಯಿತು. ಹೀಗಿರುವಾಗ ಹತ್ತು ವರ್ಷದ ಮಗುವಿಗೆ ಇಚ್ಛಾಶಕ್ತಿಯ ಕೊರತೆಯಿದೆ ಎಂದು ಗದರಿಸುವುದರಲ್ಲಿ ಅರ್ಥವೇನಿದೆ?

ಆದರೆ ಸಹೋದರರೇ, ಮಿತಿಯ ಹೆಸರಲ್ಲಿ ನಡೆಯುವ ಅನ್ಯಾಯದ ಬಗ್ಗೆಯೂ ಎಚ್ಚರವಿರಬೇಕು. 2019ರ ಜುಲೈಯಲ್ಲಿ ಗುಜರಾತಿನ ಬನಾಸ್ಕಾಂಠಾ ಜಿಲ್ಲೆಯ ಒಂದು ಸಮುದಾಯದ ಹಿರಿಯರು ಅವಿವಾಹಿತ ಹೆಣ್ಣುಮಕ್ಕಳು ಮೊಬೈಲ್ ಇಟ್ಟುಕೊಳ್ಳಬಾರದೆಂದು ನಿರ್ಣಯಿಸಿದರು. ಗಂಡುಮಕ್ಕಳಿಗೆ ಆ ನಿಯಮವಿರಲಿಲ್ಲ. ಇದು ಮಿತಿಯಲ್ಲ, ಸರಪಳಿ. ಮಗಳ ಮೊಬೈಲ್ ಕಸಿದು ಮಗನಿಗೆ ಹೊಸದು ಕೊಡಿಸುವ ಮನೆಗಳು ನಮ್ಮ ನಡುವೆ ಇಲ್ಲವೇ? ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಫಲಿತಾಂಶ, ಆಪತ್ತಿನಲ್ಲಿ ಸಹಾಯವಾಣಿಗೆ ಕರೆ, ಎಲ್ಲಕ್ಕೂ ಇಂದು ಮೊಬೈಲ್ ಬೇಕು. ಅದನ್ನು ಹೆಣ್ಣುಮಕ್ಕಳಿಂದ ಕಿತ್ತುಕೊಳ್ಳುವುದೆಂದರೆ ಅವರ ಶಿಕ್ಷಣವನ್ನೂ ಸುರಕ್ಷೆಯನ್ನೂ ಕಿತ್ತುಕೊಂಡಂತೆ. ನಿಯಮ ಮಾಡಿದವನು ಅದಕ್ಕೆ ಬದ್ಧನೇ ಎಂಬುದೇ ಮಿತಿಯನ್ನೂ ದಬ್ಬಾಳಿಕೆಯನ್ನೂ ಬೇರ್ಪಡಿಸುವ ಒರೆಗಲ್ಲು.

ಸರಕಾರಗಳಿಗೂ ಹೊಣೆಯಿದೆ. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದುವಂತಿಲ್ಲ. ಆ ಕಾನೂನು ದಂಡ ವಿಧಿಸುವುದು ಮಕ್ಕಳಿಗೋ ಹೆತ್ತವರಿಗೋ ಅಲ್ಲ, ಕಂಪೆನಿಗಳಿಗೆ. ನಿಷೇಧ ಎಷ್ಟು ಫಲಿಸುತ್ತದೆಂಬ ಚರ್ಚೆ ಬೇರೆ. ಹೊಣೆಯನ್ನು ಲಾಭ ಪಡೆಯುವವರ ಹೆಗಲಿಗೆ ಹೊರಿಸಿದ ಆ ತತ್ವವಂತೂ ಸ್ವಾಗತಾರ್ಹ.

ಆದರೆ ಕಾನೂನು ಬರುವವರೆಗೆ ನಾವು ಕಾಯಬೇಕಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಒಂದು ವರ್ಷದೊಳಗಿನ ಶಿಶುವಿಗೆ ಅದು ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹಾಗಾದರೆ ಮೊಬೈಲ್ ತೋರಿಸಿ ಕೂಸಿಗೆ ಊಟ ಮಾಡಿಸುವುದನ್ನು ನಾಳೆಯಿಂದಲೇ ನಿಲ್ಲಿಸೋಣ. ರಾತ್ರಿಯ ಊಟಕ್ಕೆ ಮುನ್ನ ಮನೆಯ ಎಲ್ಲ ಮೊಬೈಲ್‌ಗಳೂ ಒಂದೇ ಕಡೆ ಸೇರಲಿ. ತುರ್ತು ಕರೆಗೆಂದು ಒಂದು ಮಾತ್ರ ಚಾಲೂ ಇರಲಿ. ಮಲಗುವ ಕೋಣೆಗೆ ಯಾವುದೂ ಬಾರದಿರಲಿ. ಅಕ್ಕಪಕ್ಕದ ನಾಲ್ಕು ಮನೆಗಳು ಸೇರಿ ಒಂದೇ ಸಮಯವನ್ನು ಗೊತ್ತುಪಡಿಸಿಕೊಂಡರೆ ಇನ್ನೂ ಒಳಿತು. ಆಗ ಮಕ್ಕಳಿಗೆ ಆಡಲು ಜೊತೆಗಾರರಿರುತ್ತಾರೆ.

ಮತ್ತು ಮೊತ್ತಮೊದಲು ಅಲ್ಲಿ ಇಡಬೇಕಾದದ್ದು ಮನೆಯ ಯಜಮಾನನ ಮೊಬೈಲನ್ನು.